ಸ್ಟಾಪ್ ಅಂದರೆ ಸೇವೆ ನಿಲ್ಲುತ್ತದೆ, ಹೋದ ದುಡ್ಡು ಬರುವುದಿಲ್ಲ: ಮೊಬೈಲ್ ಬಿಲ್‌ನಲ್ಲಿ ದುಡ್ಡು ಕತ್ತರಿಸುವವರ ಬಗ್ಗೆ ಎಚ್ಚರ

ಮೊದಲು ಬಿಲ್ ತೆಗೆಯಿರಿ. ಆ್ಯಪ್‌ನ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಕಾಣುವ ಒಟ್ಟು ಮೊತ್ತ ಸಾಲದು, ಪಿಡಿಎಫ್ ಇಳಿಸಿಕೊಂಡು ಒಳಪುಟಗಳನ್ನು ನೋಡಿ. ತಿಂಗಳ ಬಾಡಿಗೆ, ಕರೆ, ಡೇಟಾ, ರೋಮಿಂಗ್ ಎಲ್ಲ ಮುಗಿದ ಮೇಲೆ ಮೌಲ್ಯವರ್ಧಿತ ಸೇವೆ, ಅಂದರೆ ವಿಎಎಸ್ ಎಂಬ ತಲೆಬರಹ ಸಿಗುತ್ತದೆ. ಅದರ ಕೆಳಗೆ ಗೇಮ್ಸ್, ಜ್ಯೋತಿಷ್ಯ, ಕ್ರಿಕೆಟ್ ಅಲರ್ಟ್, ಲವ್ ಟಿಪ್ಸ್ ಅಂತ ಏನೋ ಒಂದು ಹೆಸರು, ಪಕ್ಕದಲ್ಲಿ ಐದೋ ಹತ್ತೋ ರೂಪಾಯಿ. ದಿನಾಂಕ ಮಾತ್ರ ಬದಲಾಗುತ್ತ ಅದೇ ಸಾಲು ಕೆಳಗಿನವರೆಗೂ ಇಳಿದಿದ್ದರೆ ನಿಮ್ಮ ನಂಬರ್ ಯಾವುದೋ ಸೇವೆಗೆ ಚಂದಾದಾರ ಆಗಿಬಿಟ್ಟಿದೆ.

ದಿನಕ್ಕೆ 5 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 150, ಅದರ ಮೇಲೆ ಶೇ 18 ಜಿಎಸ್‌ಟಿ 27, ಒಟ್ಟು 177 ರೂಪಾಯಿ. ವರ್ಷಕ್ಕೆ 2,124. ಬಿಲ್‌ಗೆ ಆಟೊ-ಪೇ ಹಾಕಿಟ್ಟವರಿಗೆ ಇದು ಗೊತ್ತಾಗುವುದೇ ಇಲ್ಲ. ಗೊತ್ತಾದವರಲ್ಲೂ ಐದು ರೂಪಾಯಿಗೆ ಯಾರು ಜಗಳಕ್ಕೆ ಹೋಗುತ್ತಾರೆ? ಈ ದಂಧೆಯ ಬಂಡವಾಳವೇ ಅದು.

ಎಸ್‌ಎಂಎಸ್ ಬಂದರೇ ಹಣ ಹೋಗುತ್ತದೆ ಎಂಬ ತಪ್ಪು ತಿಳಿವಳಿಕೆ ಇದೆ. ನಮ್ಮ ದೇಶದಲ್ಲಿ ಎಸ್‌ಎಂಎಸ್ ಬಂದ ಮಾತ್ರಕ್ಕೆ ಹಣ ಹೋಗುವುದಿಲ್ಲ, ಓದಿದ ಮಾತ್ರಕ್ಕೂ ಹೋಗುವುದಿಲ್ಲ. ಬ್ರಿಟನ್ನಿನಲ್ಲಿ ಬಂದ ಸಂದೇಶಕ್ಕೇ ದುಡ್ಡು ಹಿಡಿಯುವ ಪ್ರೀಮಿಯಂ ಎಸ್‌ಎಂಎಸ್ ಪದ್ಧತಿ ಇದೆ. ಅಲ್ಲಿರುವ ಕನ್ನಡಿಗರು ಸಂದೇಶ ಬಂದ ಐದಂಕಿ ಸಂಖ್ಯೆಗೆ ಸ್ಟಾಪ್ ಎಂದು ಕಳಿಸಬೇಕು, ಬೇಡದ ಸಂದೇಶವನ್ನು 7726ಕ್ಕೆ ಫಾರ್ವರ್ಡ್ ಮಾಡಬೇಕು. 2025ರ ಫೆಬ್ರುವರಿಯಿಂದ ಅಲ್ಲಿ ಈ ಸೇವೆಗಳ ನಿಯಂತ್ರಣ ಅಲ್ಲಿನ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಆಫ್‌ಕಾಂ ಕೈಯಲ್ಲಿದೆ. ನಮ್ಮಲ್ಲಿ ಹಾಗಲ್ಲ. ಇಲ್ಲಿ ಸಂದೇಶ ಬರೀ ಗಾಳ. ಹಣ ಹೋಗುವುದು ಎಲ್ಲೋ ಒಂದು ಕಡೆ ಬೆರಳು ಒತ್ತಿದ್ದನ್ನು 'ಒಪ್ಪಿಗೆ' ಎಂದು ಬರೆದುಕೊಂಡಾಗ. ಆ ಒತ್ತು ಎಲ್ಲಿ ಬಿತ್ತು ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಹಳೆಯ ದಾರಿಯೆಂದರೆ ಪರದೆ ಮೇಲೆ ತಾನಾಗಿ ಮೂಡುವ ಫ್ಲ್ಯಾಶ್ ಸಂದೇಶ. ಫೋನ್ ಪರದೆಯ ನಡುವೆ ಚೌಕಟ್ಟಿನಲ್ಲಿ ಯಾವುದೋ ನಟಿಯ ಸುದ್ದಿಯೋ ಇಂದಿನ ರಾಶಿಫಲವೋ, ಕೆಳಗೆ 'ಓಕೆ' ಮತ್ತು 'ಕ್ಯಾನ್ಸಲ್'. ಫೋನ್ ಜೇಬಿಗೆ ಹಾಕುವ ಅವಸರದಲ್ಲಿ, ಚೌಕಟ್ಟು ತೊಲಗಿದರೆ ಸಾಕು ಅಂತ ಓಕೆ ಒತ್ತುತ್ತೇವೆ. ಹಿರಿಯರಂತೂ ಇಂಗ್ಲಿಷ್ ಅಕ್ಷರ ಕಂಡರೆ ಓಕೆಯನ್ನೇ ಒತ್ತುವುದು. ಇದು ಬರುವುದು ಸಿಮ್ ಒಳಗಿನಿಂದ, ಹಾಗಾಗಿ ಆ್ಯಪ್ ಅಳಿಸಿದರೂ ಫೋನ್ ರೀಸೆಟ್ ಮಾಡಿದರೂ ಹೋಗದು. ಫೋನ್‌ನ ಆ್ಯಪ್ ಪಟ್ಟಿಯಲ್ಲಿ 'ಸಿಮ್ ಟೂಲ್‌ಕಿಟ್' ಅಂತ ಒಂದಿರುತ್ತದೆ. ಅದನ್ನು ತೆರೆದರೆ 'ಫ್ಲ್ಯಾಶ್' ಅಥವಾ 'ನೌ' ಎನ್ನುವಂಥ ಹೆಸರಿನ ಸಾಲು ಕಾಣುತ್ತದೆ, ಅದರೊಳಗೆ ಸ್ಟಾರ್ಟ್/ಸ್ಟಾಪ್ ಇದ್ದರೆ ಸ್ಟಾಪ್ ಒತ್ತಿ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆಯಾಗಿ ಮಾಡಬೇಕು. ಒಂದಕ್ಕೆ ಮಾಡಿ ಇನ್ನೊಂದನ್ನು ಮರೆಯುವವರೇ ಜಾಸ್ತಿ.

ಎರಡನೆಯದು ಕಣ್ಣಿಗೆ ಕಾಣದ ದಾರಿ, ಅದಕ್ಕೇ ಹೆಚ್ಚು ಅಪಾಯ. ಎಸ್‌ಎಂಎಸ್‌ನಲ್ಲಿ ಬಂದ ಲಿಂಕ್ ಒತ್ತುತ್ತೀರಿ, ಅಥವಾ ಯಾವುದೋ ಪುಟದ ಜಾಹೀರಾತು ಮುಚ್ಚಲು ಹೋಗುತ್ತೀರಿ. ನಿಮ್ಮ ನಂಬರನ್ನು ಎಲ್ಲೂ ಟೈಪ್ ಮಾಡಿಲ್ಲ, ಒಟಿಪಿ ಕೊಟ್ಟಿಲ್ಲ. ಆದರೂ ಚಂದಾ ಶುರುವಾಗಿದೆ ಎಂದು ಸಂದೇಶ ಬರುತ್ತದೆ. ಹೇಗೆ? ಮೊಬೈಲ್ ಡೇಟಾದಲ್ಲಿ ನೀವು ಪುಟ ತೆರೆದಾಗ ಆ ಕೋರಿಕೆ ಕಂಪನಿಯ ಜಾಲದ ಮೂಲಕವೇ ಹೋಗಬೇಕು. ಇದು ಯಾವ ನಂಬರಿನ ಸಂಪರ್ಕ ಎಂದು ಜಾಲಕ್ಕೆ ಮೊದಲೇ ಗೊತ್ತು. ಬಿಲ್ಲಿಂಗ್ ಒಪ್ಪಂದ ಮಾಡಿಕೊಂಡಿರುವ ಸೇವೆಗಳಿಗೆ ಆ ಗುರುತನ್ನು ಕೋರಿಕೆಯ ಜೊತೆಗೇ ಲಗತ್ತಿಸಿ ಕಳಿಸುವ ವ್ಯವಸ್ಥೆ ಇದೆ. ಮುಂದೆ ಬೇಕಾಗಿರುವುದು ಒಂದು ಒತ್ತು ಮಾತ್ರ. ಮೋಸದ ಪುಟಗಳಲ್ಲಿ 'ವಿಡಿಯೊ ನೋಡಿ' ಎಂಬ ಬಟನ್‌ನ ಮೇಲೆ ಗಾಜಿನಂತೆ ಕಾಣದ ಇನ್ನೊಂದು ಪದರ ಹಾಸಿ, ಅದರಲ್ಲಿ 'ಒಪ್ಪಿದೆ' ಬಟನ್ ಇಟ್ಟಿರುತ್ತಾರೆ. ವೈ-ಫೈನಲ್ಲಿ ಇದೇ ಪುಟ ತೆರೆದರೆ ಜಾಲದ ಗುರುತು ಹೋಗುವುದಿಲ್ಲ, ಆಗ ಅವರು ನಂಬರ್ ಮತ್ತು ಒಟಿಪಿ ಕೇಳಲೇಬೇಕಾಗುತ್ತದೆ. ಗೊತ್ತಿಲ್ಲದ ಲಿಂಕ್ ಒತ್ತಲೇಬೇಕಾದ ಪ್ರಸಂಗ ಬಂದರೆ ಡೇಟಾ ಆಫ್ ಮಾಡಿ ವೈ-ಫೈನಲ್ಲಿ ಒತ್ತಿ ಎನ್ನುವುದು ಇದೇ ಕಾರಣಕ್ಕೆ. ಒತ್ತದೇ ಇರುವುದು ಇನ್ನೂ ಮೇಲು, ಅದು ಬೇರೆ ಮಾತು.

ಇದೇ ಬಾಗಿಲಿನಿಂದ ನುಗ್ಗುವ ಆ್ಯಪ್‌ಗಳೂ ಇವೆ. ಜೋಕರ್ ಎಂಬ ಹೆಸರಿನ ಕುತಂತ್ರಾಂಶದ ಬಗ್ಗೆ ಕೇಳಿರಬಹುದು, ಗೂಗಲ್ ಅದನ್ನು ಬ್ರೆಡ್ ಎಂದು ಕರೆಯುತ್ತದೆ. ಈ ಕುಲದ 1,700 ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದ ತೆಗೆದಿರುವುದಾಗಿ 2020ರ ಜನವರಿಯಲ್ಲಿ ಗೂಗಲ್ಲೇ ಹೇಳಿತ್ತು. ಇಂಥವು ವಾಲ್‌ಪೇಪರ್, ಕೀಬೋರ್ಡ್, ಸ್ಕ್ಯಾನರ್, ಇಮೋಜಿ ಆ್ಯಪ್‌ಗಳ ವೇಷದಲ್ಲಿ ಬರುತ್ತವೆ. ಮೊಬೈಲ್ ಡೇಟಾ ಸಿಗುವಂತೆ ನೋಡಿಕೊಂಡು ಹಿನ್ನೆಲೆಯಲ್ಲಿ ಚಂದಾ ಪುಟ ತೆರೆಯುತ್ತವೆ, ಬಂದ ದೃಢೀಕರಣ ಸಂದೇಶವನ್ನು ತಾವೇ ಓದಿ ತಾವೇ ತುಂಬುತ್ತವೆ. ಅದಕ್ಕೆ ಎರಡರಲ್ಲಿ ಒಂದು ಅನುಮತಿ ಸಾಕು: ಎಸ್‌ಎಂಎಸ್ ಓದುವುದು, ಇಲ್ಲವೇ ನೋಟಿಫಿಕೇಷನ್ ನೋಡುವುದು. ಸೆಟ್ಟಿಂಗ್ಸ್‌ಗೆ ಹೋಗಿ ಮೇಲಿನ ಹುಡುಕು ಪಟ್ಟಿಯಲ್ಲಿ 'ನೋಟಿಫಿಕೇಷನ್ ಆ್ಯಕ್ಸೆಸ್' ಎಂದು ಹಾಕಿ ನೋಡಿ. ವಾಲ್‌ಪೇಪರ್ ಆ್ಯಪ್‌ಗೆ ಅಲ್ಲೇನು ಕೆಲಸ?

ಮಿಕ್ಕ ದಾರಿಗಳು ಎಲ್ಲರಿಗೂ ಗೊತ್ತಿರುವಂಥವೇ. ಕಾಲರ್ ಟ್ಯೂನ್ ಕೇಳುತ್ತಿರುವಾಗ 'ಈ ಹಾಡು ನಿಮ್ಮದಾಗಿಸಲು ಸ್ಟಾರ್ ಒತ್ತಿ' ಎಂಬ ದನಿ, ರೆಕಾರ್ಡ್ ಮಾಡಿದ ಕರೆಯಲ್ಲಿ 'ಒಂದನ್ನು ಒತ್ತಿ' ಎನ್ನುವುದು. ಸ್ಪರ್ಧೆಯ ಹೆಸರಲ್ಲಿ 5ರಿಂದ ಶುರುವಾಗುವ ಐದಂಕಿ ಸಂಖ್ಯೆಗೆ ಎಸ್‌ಎಂಎಸ್ ಕಳಿಸಿ ಎಂದರೆ ನೆನಪಿಡಿ, ಪ್ಯಾಕ್‌ನ ದಿನಕ್ಕೆ ನೂರು ಉಚಿತ ಎಸ್‌ಎಂಎಸ್ ಲೆಕ್ಕಕ್ಕೆ ಅದು ಸಾಮಾನ್ಯವಾಗಿ ಸೇರುವುದಿಲ್ಲ. 'ಬೇಡ' ಎಂದು ಅದಕ್ಕೆ ಉತ್ತರಿಸಿದರೂ ದುಡ್ಡೇ. ಮಕ್ಕಳ ಕೈಲಿ ಫೋನ್ ಕೊಟ್ಟಾಗ ಗೇಮ್ ಒಳಗಿನ ಖರೀದಿ ಮೊಬೈಲ್ ಬಿಲ್‌ಗೆ ಬೀಳುವುದೂ ಉಂಟು. ಪ್ಲೇ ಸ್ಟೋರ್‌ನ ಪೇಮೆಂಟ್ ಮೆಥಡ್ಸ್‌ನಲ್ಲಿ ಕಂಪನಿ ಹೆಸರಿನ ಬಿಲ್ಲಿಂಗ್ ಇದ್ದರೆ ತೆಗೆಯಿರಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿ.

ಈಗ ಕಾನೂನಿನ ಮಾತು, ಯಾಕೆಂದರೆ ವಾದ ಮಾಡುವಾಗ ಕೈಗೆ ಬರುವುದು ಇದೇ. 2013ರ ಜುಲೈನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್ ಕೊಟ್ಟ ನಿರ್ದೇಶನದ ಪ್ರಕಾರ ವಿಎಎಸ್ ಶುರುಮಾಡಲು ಒಂದು ಒಪ್ಪಿಗೆ ಸಾಲದು, ಎರಡು ಬೇಕು. ಎರಡನೆಯದನ್ನು ಸೇವೆ ಮಾರುವವನ ಪುಟದಲ್ಲಲ್ಲದೆ ಪ್ರತ್ಯೇಕ ಒಪ್ಪಿಗೆ ವ್ಯವಸ್ಥೆಯಲ್ಲಿ ಪಡೆಯಬೇಕು, ಅಲ್ಲಿ ಸೇವೆಯ ಹೆಸರು, ದರ, ಅವಧಿ ಕಾಣಬೇಕು. ಎರಡನೇ ಒಪ್ಪಿಗೆ ಸಿಗದಿದ್ದರೆ ಸೇವೆ ಶುರುವಾಗಕೂಡದು. ನಿಲ್ಲಿಸಲು ಎಲ್ಲ ಕಂಪನಿಗಳಿಗೂ ಒಂದೇ ಉಚಿತ ಸಂಖ್ಯೆ, 155223. ಶುರುವಾದ 24 ಗಂಟೆಯೊಳಗೆ ಬೇಡವೆಂದರೆ ಕಡಿತವಾದ ಹಣ ವಾಪಸ್ ಕೇಳುವ ಹಕ್ಕೂ ಇದೆ.

ಹೆಚ್ಚಿನವರು ಎಡವುವುದು ಇಲ್ಲಿ. 155223ಕ್ಕೆ ಕರೆ ಮಾಡುತ್ತಾರೆ, ಸೇವೆ ನಿಂತಿತು ಎಂದು ಸಂದೇಶ ಬರುತ್ತದೆ, ಸಮಾಧಾನ ಮಾಡಿಕೊಂಡು ಸುಮ್ಮನಾಗುತ್ತಾರೆ. ನಿಲ್ಲಿಸುವುದು ಒಂದು ಕೆಲಸ, ಹಣ ವಾಪಸ್ ತರುವುದು ಇನ್ನೊಂದು ಕೆಲಸ. 155223 ಮೊದಲನೆಯದಕ್ಕೆ. ಎರಡನೆಯದಕ್ಕೆ 198. ಇದು ದೂರು ಕೇಂದ್ರದ ಉಚಿತ ಸಂಖ್ಯೆ, ಮಾಹಿತಿಗಾಗಿ ಇರುವ ಕಸ್ಟಮರ್ ಕೇರ್ ಸಂಖ್ಯೆಯೇ ಬೇರೆ.

ಮಾಡುವ ಕ್ರಮವೂ ಮುಖ್ಯ. ಮೊದಲು ಸ್ಕ್ರೀನ್‌ಶಾಟ್: ಚಂದಾ ಶುರುವಾಯಿತೆಂಬ ಸಂದೇಶ, ಕಡಿತದ ಸಂದೇಶ, ಬಿಲ್‌ನ ಆ ಸಾಲು, ಮೂರರಲ್ಲೂ ದಿನಾಂಕ ಮತ್ತು ಸಮಯ ಕಾಣುವಂತೆ. ಸಿಟ್ಟಿಗೆ ಸಂದೇಶ ಅಳಿಸಿಬಿಡುವವರಿದ್ದಾರೆ, ಸಾಕ್ಷಿ ಅಲ್ಲಿಗೇ ಹೋಯಿತು. ಆಮೇಲೆ 155223ಕ್ಕೆ ಕರೆ ಮಾಡಿ ಸೇವೆ ನಿಲ್ಲಿಸಿ, ನಿಂತಿತು ಎಂಬ ಸಂದೇಶವನ್ನೂ ಉಳಿಸಿ. ಆಮೇಲೆ 198. ಅಲ್ಲಿ 'ನನಗೆ ಗೊತ್ತಿಲ್ಲದೆ ಕಟ್ ಆಗಿದೆ ಸರ್, ನೋಡಿ' ಎಂದು ಗೋಗರೆದರೆ 'ನಿಮ್ಮ ಕಡೆಯಿಂದಲೇ ಆ್ಯಕ್ಟಿವೇಟ್ ಆಗಿದೆ' ಎಂಬ ಸಿದ್ಧ ಉತ್ತರ ಬರುತ್ತದೆ. ಅದರ ಬದಲು ಹೀಗೆ ಕೇಳಿ: 'ಯಾವ ದಿನ, ಎಷ್ಟು ಗಂಟೆಗೆ, ಯಾವ ಮಾರ್ಗದಲ್ಲಿ ಆ್ಯಕ್ಟಿವೇಟ್ ಆಯಿತು? ಎಸ್‌ಎಂಎಸ್, ಕರೆ, ವೆಬ್, ಆ್ಯಪ್, ಯಾವುದು? ಎರಡನೇ ಒಪ್ಪಿಗೆಯ ದಾಖಲೆ ಕೊಡಿ.' ಈ ಪ್ರಶ್ನೆಗೆ ಸಿದ್ಧ ಉತ್ತರ ಇರುವುದಿಲ್ಲ. ರಾತ್ರಿ ಎರಡೂವರೆಗೆ ವೆಬ್ ಮೂಲಕ ಒಪ್ಪಿಗೆ ಎಂದು ದಾಖಲೆಯಲ್ಲಿದ್ದರೆ, ಕೀಪ್ಯಾಡ್ ಫೋನ್ ಇಟ್ಟುಕೊಂಡ ಅಜ್ಜಿಯ ನಂಬರಿಗೆ ಅದು ಹೇಗೆ ಸಾಧ್ಯ ಎಂದು ಅಲ್ಲೇ ಕೇಳಬಹುದು. ಕರೆ ಇಡುವ ಮುಂಚೆ ಡಾಕೆಟ್ ಸಂಖ್ಯೆ, ಅಂದರೆ ದೂರಿನ ನೋಂದಣಿ ಸಂಖ್ಯೆ ಬರೆದುಕೊಳ್ಳಿ. ಅದಿಲ್ಲದ ದೂರು ನೀರ ಮೇಲೆ ಬರೆದ ಹಾಗೆ.

ಉತ್ತರ ಬರಲಿಲ್ಲ, ಬಂದದ್ದು ಸರಿಯಿಲ್ಲ ಎಂದಾದರೆ ಅದೇ ಡಾಕೆಟ್ ಸಂಖ್ಯೆ ಹಾಕಿ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಇಮೇಲ್ ಮಾಡಿ. ವಿಳಾಸ ಕಂಪನಿಯ ವೆಬ್‌ಸೈಟ್‌ನಲ್ಲಿ ರಾಜ್ಯವಾರು ಇರುತ್ತದೆ, ಶುಲ್ಕವಿಲ್ಲ, 30 ದಿನದೊಳಗೆ ಹಾಕಬೇಕು, ಅವರು 39 ದಿನದಲ್ಲಿ ತೀರ್ಮಾನಿಸಬೇಕು. ಅನುಭವಸ್ಥರು ಕಂಡಂತೆ ಸಣ್ಣ ಮೊತ್ತಗಳು ಈ ಹಂತದಲ್ಲೇ ವಾಪಸ್ ಬರುವುದು ಹೆಚ್ಚು, ಕಡತ ಬೆಳೆಸುವುದಕ್ಕಿಂತ ಕ್ರೆಡಿಟ್ ಹಾಕುವುದು ಅವರಿಗೆ ಅಗ್ಗ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ದೂರಸಂಪರ್ಕ ವ್ಯಾಜ್ಯ ಗ್ರಾಹಕ ಆಯೋಗಕ್ಕೆ ಬರುವುದಿಲ್ಲ ಎಂಬ ಹಳೆಯ ವಾದವನ್ನು 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಯಾರಾದರೂ ಹಾಗೆ ಹೇಳಿ ಸಾಗಹಾಕಲು ನೋಡಿದರೆ ನಂಬಬೇಡಿ.

ದೂರು ನಡೆಯುತ್ತಿರುವಾಗ ಸಿಟ್ಟಿನಿಂದ ಇಡೀ ಬಿಲ್ ಕಟ್ಟದೆ ನಿಲ್ಲಿಸಬೇಡಿ. ತಡ ಶುಲ್ಕ ಬೀಳುತ್ತದೆ, ಹೊರಹೋಗುವ ಕರೆ ಬಂದ್ ಆಗುತ್ತದೆ, ಚರ್ಚೆ ವಿಎಎಸ್‌ನಿಂದ ಬಾಕಿಗೆ ತಿರುಗುತ್ತದೆ.

ಪ್ರಿಪೇಯ್ಡ್‌ನಲ್ಲಿ ಬಿಲ್ಲೇ ಇಲ್ಲವಲ್ಲ ಎನ್ನುತ್ತೀರಾ? ಅನ್‌ಲಿಮಿಟೆಡ್ ಪ್ಯಾಕ್ ಹಾಕಿಸಿದವರ ಮುಖ್ಯ ಬ್ಯಾಲೆನ್ಸ್ ಸಾಮಾನ್ಯವಾಗಿ ಸೊನ್ನೆಯ ಹತ್ತಿರವೇ ಇರುತ್ತದೆ, ಕಡಿತ ಆಗುವುದು ಅಲ್ಲಿಂದ. ಆದ್ದರಿಂದ ನಷ್ಟ ಕಡಿಮೆ. ಆದರೆ ಊರಲ್ಲಿರುವ ಅಪ್ಪ-ಅಮ್ಮನ ಫೋನ್‌ಗೆ 'ಇರಲಿ' ಎಂದು ನೂರು ರೂಪಾಯಿ ಟಾಕ್‌ಟೈಮ್ ಹಾಕಿಸಿದರೆ ವಾರದಲ್ಲಿ ಮಾಯವಾಗುವುದು ಇದರಿಂದಲೇ. ಪ್ರಿಪೇಯ್ಡ್ ಗ್ರಾಹಕರೂ ಹಿಂದಿನ ಆರು ತಿಂಗಳೊಳಗಿನ ವಿವರವಾದ ಬಳಕೆ ಪಟ್ಟಿ ಕೇಳಬಹುದು, ಅದಕ್ಕೆ 50 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ರೀಚಾರ್ಜ್ ಅಂಗಡಿಯವರಿಗೆ ಇದು ಗೊತ್ತಿರುವುದಿಲ್ಲ, ಅವರನ್ನು ಬೈಯಬೇಡಿ.

ಬೇಡದ ಸಂದೇಶವನ್ನೇ ತಡೆಯಲು 1909. ಕರೆ ಮಾಡಿ ಅಥವಾ ಟ್ರಾಯ್‌ನ ಡಿಎನ್‌ಡಿ (ಡು ನಾಟ್ ಡಿಸ್ಟರ್ಬ್) ಆ್ಯಪ್‌ನಲ್ಲಿ ಜಾಹೀರಾತಿನ ಎಲ್ಲ ವರ್ಗಗಳನ್ನೂ ಬಂದ್ ಮಾಡಿ. ಆದರೂ ಬಂದರೆ ಸಂದೇಶದ ಪಠ್ಯ, ಅಲ್ಪವಿರಾಮ, ಕಳಿಸಿದವರ ಹೆಸರು ಅಥವಾ ನಂಬರ್, ಅಲ್ಪವಿರಾಮ, ದಿನಾಂಕ, ಈ ಕ್ರಮದಲ್ಲಿ 1909ಕ್ಕೆ ಎಸ್‌ಎಂಎಸ್ ಮಾಡಿ. ಮೊದಲು ಮೂರು ದಿನದೊಳಗೆ ದೂರಬೇಕಿತ್ತು, 2025ರ ತಿದ್ದುಪಡಿಯ ನಂತರ ಏಳು ದಿನ ಸಮಯ ಸಿಗುತ್ತದೆ. ಅದೇ ತಿದ್ದುಪಡಿಯಿಂದ ಕಳಿಸಿದವರ ಹೆಸರಿನ ಕೊನೆಗೆ ಅಡ್ಡಗೆರೆ ಹಾಕಿ ಒಂದು ಇಂಗ್ಲಿಷ್ ಅಕ್ಷರ ಬರುತ್ತದೆ: ಪಿ ಎಂದರೆ ಜಾಹೀರಾತು, ಎಸ್ ಸೇವೆ, ಟಿ ವ್ಯವಹಾರ, ಜಿ ಸರ್ಕಾರ. ಬ್ಯಾಂಕ್ ಹೆಸರು ಹೇಳುವ ಸಂದೇಶ ಹತ್ತಂಕಿ ಮೊಬೈಲ್ ನಂಬರಿನಿಂದ ಬಂದರೆ ಅದು ಬ್ಯಾಂಕಿನದಲ್ಲ, ಅಷ್ಟೇ. ಡಿಎನ್‌ಡಿ ಹಾಕಿದ ಮಾತ್ರಕ್ಕೆ ಈಗಾಗಲೇ ಶುರುವಾಗಿರುವ ಚಂದಾ ನಿಲ್ಲುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಹಾಗೆಂದುಕೊಂಡು ಎರಡು ತಿಂಗಳು ಕಳೆದುಕೊಳ್ಳುವವರು ಬಹಳ.

ಇನ್ನೊಂದು ಗುಂಡಿ ದೂರು ಕೊಟ್ಟ ಮೇಲೆ ಕಾದಿರುತ್ತದೆ. ಸಾಮಾಜಿಕ ಜಾಲತಾಣದಲ್ಲಿ ಕಂಪನಿಯನ್ನು ಟ್ಯಾಗ್ ಮಾಡಿ, ಮೊಬೈಲ್ ನಂಬರ್ ಸಮೇತ ಬರೆದರೆ ಅರ್ಧ ಗಂಟೆಯಲ್ಲಿ 'ಕಸ್ಟಮರ್ ಕೇರ್‌ನಿಂದ' ಕರೆ ಬರುತ್ತದೆ. ರೀಫಂಡ್‌ಗೆ ಪರದೆ ಹಂಚುವ ಆ್ಯಪ್ ಹಾಕಿಕೊಳ್ಳಿ, ಯುಪಿಐ ಪಿನ್ ಒತ್ತಿ ಎನ್ನುತ್ತಾರೆ. ಹಣ ಬರಲು ಪಿನ್ ಬೇಡ, ಹೋಗಲು ಮಾತ್ರ ಬೇಕು. ನಿಜವಾದ ರೀಫಂಡ್ ಪೋಸ್ಟ್‌ಪೇಯ್ಡ್‌ನಲ್ಲಿ ಮುಂದಿನ ಬಿಲ್‌ಗೆ ಹೊಂದಾಣಿಕೆಯಾಗಿ, ಪ್ರಿಪೇಯ್ಡ್‌ನಲ್ಲಿ ಬ್ಯಾಲೆನ್ಸ್ ಆಗಿ ಬರುತ್ತದೆ, ಅದಕ್ಕೆ ನಿಮ್ಮಿಂದ ಏನೂ ಬೇಕಿಲ್ಲ. ಹಾಗೆ ಖಾತೆಯಿಂದಲೇ ಹಣ ಹೋಗಿದ್ದರೆ 198 ಅಲ್ಲ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930.

ಮುಂದಿನ ಬಿಲ್ ಬಂದಾಗ ಹೊಂದಾಣಿಕೆಯ ಮೊತ್ತದಲ್ಲಿ ಶೇ 18 ಜಿಎಸ್‌ಟಿಯೂ ಸೇರಿದೆಯೇ ನೋಡಿ. 150 ಕೊಟ್ಟು 27 ಉಳಿಸಿಕೊಂಡಿದ್ದರೆ ಅದೇ ಡಾಕೆಟ್ ಸಂಖ್ಯೆ ಹಿಡಿದು ಮತ್ತೊಮ್ಮೆ 198ಕ್ಕೆ ಕರೆ ಮಾಡಿ.