ಹಳೇ 75 ವ್ಯಾಟ್, ಹೊಸ 335 ವ್ಯಾಟ್, ಒಂದೇ ಕಂಟ್ರೋಲರ್: ವಿಕ್ಟ್ರಾನ್ 100/20 ಬಳಸಿ ನೋಡಿದ್ದು

ಹಳೇ ಸೋಲಾರ್ ಪ್ಯಾನೆಲ್ ಜೊತೆ ಹೊಸದನ್ನು ಸೇರಿಸಬಾರದು ಅಂತ ಅಂಗಡಿಯವರು ಹೇಳುತ್ತಾರೆ, ಎಲೆಕ್ಟ್ರಿಷಿಯನ್ ಹೇಳುತ್ತಾರೆ, ಯೂಟ್ಯೂಬ್‌ನವರೂ ಹೇಳುತ್ತಾರೆ. ಇದು ಅರ್ಧ ಮಾತ್ರ ನಿಜ. ಸೀರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಕೊಟ್ಟು ಸರಪಳಿಯ ಹಾಗೆ ಸೇರಿಸಿದರೆ ನಷ್ಟ. ವೋಲ್ಟೇಜ್ ಹೊಂದಿಸಿ ಪ್ಯಾರಲಲ್‌ನಲ್ಲಿ, ಅಂದರೆ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಕೊಟ್ಟು ಸೇರಿಸಿದರೆ ಏನೂ ತೊಂದರೆ ಇಲ್ಲ. ನಾನು ಹಾಗೆ ಸೇರಿಸಿ ಒಂದಕ್ಕಿಂತ ಹೆಚ್ಚು ಮಳೆಗಾಲ ದಾಟಿಸಿದ್ದೇನೆ. ಕಂಟ್ರೋಲರ್, ಅಂದರೆ ಪ್ಯಾನೆಲ್‌ನ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ತುಂಬುವ ಡಬ್ಬಿ, ವಿಕ್ಟ್ರಾನ್ ಕಂಪನಿಯ ಸ್ಮಾರ್ಟ್‌ಸೋಲಾರ್ ಎಂಪಿಪಿಟಿ 100/20. ಇದನ್ನು ಕೊಳ್ಳಲು ಯೋಚಿಸುತ್ತಿರುವವರಿಗೆ, ಅದಕ್ಕಿಂತ ಜಾಸ್ತಿ, ಕೊಟ್ಟಿಗೆ ಮೂಲೆಯಲ್ಲಿ ಹಳೇ ಪ್ಯಾನೆಲ್ ಒರಗಿಸಿಟ್ಟುಕೊಂಡು ಗುಜರಿಗೆ ಹಾಕಲೋ ಬೇಡವೋ ಅಂತ ಲೆಕ್ಕ ಹಾಕುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ.

ನಮ್ಮ ತೋಟದ ಮನೆ ಹೊಸನಗರ ತಾಲೂಕಿನಲ್ಲಿದೆ, ಲಿಂಗನಮಕ್ಕಿ ಹಿನ್ನೀರಿನ ಹತ್ತಿರ. ಕರೆಂಟು ಮಾಡುವ ನೀರು ಕಣ್ಣೆದುರಿಗೇ ಇದೆ, ನಮ್ಮ ಮನೆ ತನಕ ಲೈನ್ ಮಾತ್ರ ಬಂದಿಲ್ಲ. ಅದು ಬೇರೆ ಕಥೆ, ಬಿಡಿ. ಇರುವುದು 24 ವೋಲ್ಟ್ ಇನ್ವರ್ಟರ್, 150 ಎಎಚ್‌ನ ಎರಡು ಟ್ಯೂಬ್ಯುಲರ್ ಬ್ಯಾಟರಿ. ಲೈಟು, ಫ್ಯಾನು, ಟಿವಿ, ವೈಫೈ, ಬೆಳಿಗ್ಗೆ ಚಟ್ನಿಗೆ ಮಿಕ್ಸಿ, ರಾತ್ರಿ ಹಂದಿ ಬಾರದ ಹಾಗೆ ಬೇಲಿ ಯಂತ್ರ. ಎಲ್ಲಾ ಇದರ ಮೇಲೆಯೇ.

ಹಳೇ ಪ್ಯಾನೆಲ್ ನಾಲ್ಕು, ಒಂದೊಂದೂ 75 ವ್ಯಾಟ್. ಟಾಟಾ ಬಿಪಿ ಕಾಲದವು. ಆ ಹೆಸರು ಈಗ ಇಲ್ಲ, ಬಿಪಿ ಹೊರಬಿದ್ದ ಮೇಲೆ ಕಂಪನಿ ಟಾಟಾ ಪವರ್ ಸೋಲಾರ್ ಆಯಿತು. ಮಲೆನಾಡಿನಲ್ಲಿ ಈ ನೀಲಿ ಪ್ಯಾನೆಲ್ ಎಷ್ಟೋ ಮನೆಯ ಹೆಂಚಿನ ಮೇಲೆ ಇವತ್ತಿಗೂ ಕೂತಿವೆ. ನಮ್ಮವು ಸ್ವಲ್ಪ ಹಳದಿಯಾಗಿವೆ, ಗಾಜು ಮಾತ್ರ ಗಟ್ಟಿ. ಹೊಸದು ಒಂದೇ, 72 ಸೆಲ್‌ನ 335 ವ್ಯಾಟ್ ಪಾಲಿ. ಅಂಗಡಿಯವರು "ಹಳೇದೆಲ್ಲ ತೆಗೆದು ಹಾಕಿ, ಇಂಥವೇ ಎರಡು ತಗೊಳ್ಳಿ ಮಾರಾಯ್ರೆ" ಅಂದರು. ಅವರ ವ್ಯಾಪಾರ ಅವರಿಗೆ, ನಮ್ಮ ಲೆಕ್ಕ ನಮಗೆ.

ಲೆಕ್ಕ ಸುಲಭ. ಹಳೇ ಪ್ಯಾನೆಲ್‌ನಲ್ಲಿ 36 ಸೆಲ್ ಇವೆ. ಕೆಲಸ ಮಾಡುವಾಗಿನ ವೋಲ್ಟೇಜ್, ಅಂದರೆ ಲೇಬಲ್ ಮೇಲೆ ವಿಎಂಪಿ ಅಂತ ಇರುವುದು, ಸುಮಾರು 17. ಕರೆಂಟು 4.4 ಆಂಪ್. ಎರಡನ್ನು ಸೀರೀಸ್ ಮಾಡಿದರೆ 72 ಸೆಲ್ ಆಯಿತು, 34 ವೋಲ್ಟ್ ಆಯಿತು. ಹೊಸ ಪ್ಯಾನೆಲ್‌ನಲ್ಲೂ 72 ಸೆಲ್, ಅದರ ವಿಎಂಪಿ 37.5ರ ಆಸುಪಾಸು. ಹಾಗಾಗಿ ಹಳೇದರ ಎರಡು ಜೋಡಿ, ಹೊಸದು ಒಂದು, ಮೂರನ್ನೂ ಪ್ಯಾರಲಲ್ ಮಾಡಿದೆ. ಇರುವ ಮೂರು ಮೂರೂವರೆ ವೋಲ್ಟ್ ವ್ಯತ್ಯಾಸಕ್ಕೆ ಒಟ್ಟು ನಷ್ಟ ನನ್ನ ಲೆಕ್ಕದಲ್ಲಿ ನೂರಕ್ಕೆ ಮೂರ್ನಾಲ್ಕು ಅಷ್ಟೇ. ಪ್ಯಾನೆಲ್ ಮೇಲೆ ಕೂತ ಧೂಳಿಗೇ ಅದಕ್ಕಿಂತ ಜಾಸ್ತಿ ಹೋಗುತ್ತದೆ.

ಸೀರೀಸ್ ಯಾಕೆ ಬೇಡ? ಒಂದೇ ನೊಗಕ್ಕೆ ದೊಡ್ಡ ಎತ್ತು, ಸಣ್ಣ ಕರು ಕಟ್ಟಿದ ಹಾಗೆ. ಸೀರೀಸ್‌ನಲ್ಲಿ ಎಲ್ಲಾ ಪ್ಯಾನೆಲ್ ಮೂಲಕ ಒಂದೇ ಕರೆಂಟು ಹರಿಯಬೇಕು. ಹೊಸದಕ್ಕೆ 8.9 ಆಂಪ್ ಕೊಡುವ ತಾಕತ್ತು ಇದ್ದರೂ ಹಳೇದು 4.4ಕ್ಕೇ ನಿಲ್ಲಿಸುತ್ತದೆ. ಇಲ್ಲಾಂದ್ರೆ ಬೈಪಾಸ್ ಡಯೋಡ್ (ಸೋತ ಪ್ಯಾನೆಲ್ಲನ್ನು ಬಿಟ್ಟು ಪಕ್ಕದಿಂದ ಕರೆಂಟು ದಾಟಿಸುವ ಬಿಡಿಭಾಗ) ತೆರೆದುಕೊಂಡು ಹಳೇದು ಪೂರ್ತಿ ಲೆಕ್ಕದಿಂದ ಹೊರಗೆ. ಎರಡು ಹಳೇದು, ಒಂದು ಹೊಸದು ಅಂದರೆ ಹೆಸರಿಗೆ 485 ವ್ಯಾಟ್. ಸೀರೀಸ್‌ನಲ್ಲಿ ಹಾಕಿದರೆ ಕಾಗದದ ಮೇಲೇ 340ರ ಹತ್ತಿರ ಬಂದು ನಿಲ್ಲುತ್ತದೆ. ಹೊಸದೊಂದೇ ಇದ್ದರೂ 335 ಬರುತ್ತಿತ್ತು, ಅಲ್ವಾ? ಹಳೇದನ್ನು ಸುಮ್ನೆ ಹೊತ್ತುಕೊಂಡ ಹಾಗಾಯಿತು.

ಇದಕ್ಕೆ ಮೊದಲು ನಮ್ಮಲ್ಲಿದ್ದದ್ದು ಪಿಡಬ್ಲ್ಯೂಎಂ ಅನ್ನುವ ಸರಳ ಬಗೆಯ ಕಂಟ್ರೋಲರ್. ಅದರಲ್ಲಿ ಈ ಹೊಂದಾಣಿಕೆಯ ತಲೆನೋವು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಯಾಕೆಂದರೆ ಅದು ಎಲ್ಲಾ ಪ್ಯಾನೆಲ್ಲನ್ನೂ ಬ್ಯಾಟರಿ ವೋಲ್ಟೇಜಿಗೇ ಎಳೆದು ಕೂರಿಸುತ್ತದೆ. ಆದರೆ ಬೆಲೆ ತೆರಬೇಕು. 37 ವೋಲ್ಟಿನಲ್ಲಿ ಕೆಲಸ ಮಾಡಬೇಕಾದ 335 ವ್ಯಾಟಿನ ಪ್ಯಾನೆಲ್ 25 ವೋಲ್ಟಿನಲ್ಲಿ 220 ವ್ಯಾಟ್ ಕೊಟ್ಟರೆ ಹೆಚ್ಚು. ಮೂರನೇ ಒಂದು ಭಾಗ ಗಾಳಿಗೆ. ಎಂಪಿಪಿಟಿ ಕಂಟ್ರೋಲರ್ ಪ್ಯಾನೆಲ್ಲನ್ನು ಅದರ ವಿಎಂಪಿಯಲ್ಲೇ ದುಡಿಸಿ, ಹೆಚ್ಚಿನ ವೋಲ್ಟೇಜನ್ನು ಬ್ಯಾಟರಿಗೆ ಕರೆಂಟಾಗಿ ಬದಲಿಸಿ ಕೊಡುತ್ತದೆ. ಅದಕ್ಕೆ ದುಡ್ಡು ಹಾಕುವುದು ಇದೇ ಕಾರಣಕ್ಕೆ.

100/20 ಅನ್ನುವ ಎರಡು ಸಂಖ್ಯೆ ಅರ್ಥ ಮಾಡಿಕೊಂಡು ಕೊಳ್ಳಿ. ಪ್ಯಾನೆಲ್ ಕಡೆಯಿಂದ 100 ವೋಲ್ಟ್ ದಾಟುವಂತಿಲ್ಲ. ಬ್ಯಾಟರಿ ಕಡೆಗೆ 20 ಆಂಪ್ ತನಕ ಕೊಡುತ್ತದೆ. ವೋಲ್ಟೇಜಿನ ಮಿತಿ ಮೀರಿದರೆ ಕಂಟ್ರೋಲರ್ ಸುಟ್ಟೇ ಹೋಗಬಹುದು, ಆ ವಿಷಯದಲ್ಲಿ ರಾಜಿ ಇಲ್ಲ. ಚಳಿಗಾಲದ ಬೆಳಿಗ್ಗೆ ಪ್ಯಾನೆಲ್ ತಣ್ಣಗಿರುವಾಗ ವೋಲ್ಟೇಜ್ ಲೇಬಲ್‌ಗಿಂತ ಏರುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮದರಲ್ಲಿ ಹೊಸ ಪ್ಯಾನೆಲ್‌ನ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನೂ ಜೋಡಿಸದೆ ಇರುವಾಗಿನದ್ದು) 46, ಚಳಿಯಲ್ಲಿ 48 ಆದೀತು. ಭಯವಿಲ್ಲ. ವ್ಯಾಟ್ ಸ್ವಲ್ಪ ಜಾಸ್ತಿಯಾದರೂ ನಡೆಯುತ್ತದೆ. 24 ವೋಲ್ಟ್ ಬ್ಯಾಟರಿಗೆ ಕಂಪನಿ ಹೇಳುವುದು 580 ವ್ಯಾಟ್, ನಾನು ಹಾಕಿರುವುದು 635. ಮೇಲಿನದನ್ನು ಅದು ತೆಗೆದುಕೊಳ್ಳುವುದಿಲ್ಲ, ಅಷ್ಟೇ. ಜನ ಮರೆಯುವುದು ಮೂರನೇ ಮಿತಿ. ಪ್ಯಾನೆಲ್‌ಗಳ ಶಾರ್ಟ್ ಸರ್ಕ್ಯೂಟ್ ಕರೆಂಟು (ಪ್ಲಸ್ ಮೈನಸ್ ನೇರ ಸೇರಿಸಿದರೆ ಹರಿಯುವಷ್ಟು) ಒಟ್ಟು 20 ಆಂಪ್ ಮೀರಬಾರದು. ನಮ್ಮದು 9.3, 4.8, 4.8 ಕೂಡಿದರೆ 18.9. ಪಕ್ಕದ ಮನೆಯವರು ಇನ್ನೊಂದು ಹಳೇ ಜೋಡಿ ಸುಮ್ನೆ ಕೊಡುತ್ತೇನೆ ಅಂದರೂ ಇದಕ್ಕೆ ಸೇರಿಸುವ ಹಾಗಿಲ್ಲ.

ಹಳೇ ಪ್ಯಾನೆಲ್ ಬಳಸುವವರು ಮೊದಲು ಹಿಂದಿನ ಜಂಕ್ಷನ್ ಬಾಕ್ಸ್ ಬಿಚ್ಚಿ. ನಮ್ಮದರಲ್ಲಿ ಒಂದರೊಳಗೆ ಇರುವೆ ಮಣ್ಣು ತುಂಬಿತ್ತು, ಇನ್ನೊಂದರಲ್ಲಿ ಹಲ್ಲಿ ಮೊಟ್ಟೆ. ಸ್ಕ್ರೂ ಟರ್ಮಿನಲ್ ಮೇಲೆ ಹಸಿರು ಕಿಲುಬು, ವೈರಿನ ತುದಿ ಮುಟ್ಟಿದರೆ ಪುಡಿ. ಮರಳು ಕಾಗದದಲ್ಲಿ ಉಜ್ಜಿ, ವೈರು ಹಿಂದಕ್ಕೆ ಕತ್ತರಿಸಿ ಹೊಸ ಲಗ್ ಹಾಕಿದೆ. ಬೈಪಾಸ್ ಡಯೋಡ್ ಮಲ್ಟಿಮೀಟರಿನಲ್ಲಿ ನೋಡಿದರೆ ಒಂದು ಎರಡೂ ಕಡೆಗೆ ಕೂಗುತ್ತಿತ್ತು, ಅಂದರೆ ಶಾರ್ಟ್. ಅದರಿಂದ ಆ ಪ್ಯಾನೆಲ್‌ನ ಅರ್ಧ ಸತ್ತ ಹಾಗೇ ಇತ್ತು. ಡಯೋಡ್ ಬೆಲೆ ಒಂದು ಕಾಫಿ ತಿಂಡಿಯಷ್ಟೂ ಇಲ್ಲ. ಇದನ್ನು ನೋಡದೆ "ಹಳೇದು ಕೆಟ್ಟಿದೆ" ಅಂತ ಗುಜರಿಗೆ ಹಾಕಿದ ಮನೆಗಳು ಎಷ್ಟೋ ಇರಬಹುದು.

ಫ್ಯೂಸ್ ಮಾತ್ರ ಬಿಡಬೇಡಿ. ಹಳೇ ಜೋಡಿಯೊಂದು ಒಳಗೆ ಶಾರ್ಟ್ ಆದರೆ ಉಳಿದ ಎರಡು ಕಡೆಯಿಂದ 14 ಆಂಪ್ ಅದರೊಳಗೆ ನುಗ್ಗುತ್ತದೆ. ಅಷ್ಟನ್ನು ತಡೆಯುವ ಪ್ಯಾನೆಲ್ ಅದಲ್ಲ. ಪ್ರತಿ ಸಾಲಿಗೂ ಬೇರೆ ಡಿಸಿ ಫ್ಯೂಸ್ ಹಾಕಿ, ಲೇಬಲ್ ಮೇಲೆ ಬರೆದ ಮಿತಿಗಿಂತ ದೊಡ್ಡದು ಬೇಡ. ಮನೆಗೆ ಹಾಕುವ ಎಸಿ ಎಂಸಿಬಿ ತಂದು ಹಾಕುವವರನ್ನು ನೋಡಿದ್ದೇನೆ. ಡಿಸಿಯಲ್ಲಿ ಕಿಡಿ ಹೊತ್ತಿದರೆ ಅದು ಆರುವುದಿಲ್ಲ, ಎಂಸಿಬಿಯೇ ಕರಗುತ್ತದೆ.

ಇನ್ನು ವೈರು. ಪ್ಯಾನೆಲ್ ಸ್ಟ್ಯಾಂಡ್ ಇರುವುದು ಅಡಿಕೆ ಒಣಗಿಸುವ ಅಂಗಳದ ಆಚೆ ತುದಿಗೆ, ಮನೆಯಿಂದ ಸುಮಾರು 20 ಮೀಟರ್. ಅಲ್ಲೇ ಎಲ್ಲವನ್ನೂ ಸೇರಿಸಿ 4 ಚದರ ಮಿ.ಮೀ. ವೈರಿನ ಒಂದೇ ಜೋಡಿ ಎಳೆದರೆ 16 ಆಂಪ್‌ಗೆ ಮೂರು ವೋಲ್ಟ್ ದಾರಿಯಲ್ಲೇ ಖಾಲಿ. ಅದಕ್ಕೆ ಹೊಸದಕ್ಕೆ ಒಂದು ಜೋಡಿ, ಹಳೇದಕ್ಕೆ ಒಂದು ಜೋಡಿ ಬೇರೆ ಬೇರೆ ತಂದು ಜಗಲಿ ಗೋಡೆಯ ಡಬ್ಬಿಯಲ್ಲಿ ಸೇರಿಸಿದೆ. ನಷ್ಟ ಅರ್ಧ ಇಳಿಯಿತು. ಯಾವ ಸಾಲು ಎಷ್ಟು ಕೊಡುತ್ತಿದೆ ಅಂತ ಕ್ಲ್ಯಾಂಪ್ ಮೀಟರ್ ಹಿಡಿದು ನೋಡುವುದಕ್ಕೂ ಅನುಕೂಲ.

ಕಂಟ್ರೋಲರಿಗೆ ಡಿಸ್ಪ್ಲೇ ಇಲ್ಲ. ಬ್ಲೂಟೂತ್‌ನಲ್ಲಿ ಫೋನಿಗೆ ಸೇರಿಸಿಕೊಂಡು ನೋಡಬೇಕು. ನಮ್ಮ ಅಮ್ಮನಿಗೆ ಇದು ಸರಿ ಬರಲಿಲ್ಲ. ಹಳೇ ಕಂಟ್ರೋಲರಿನಲ್ಲಿ ಹಸಿರು ದೀಪ, ಕೆಂಪು ದೀಪ ನೋಡಿ ಮಿಕ್ಸಿ ಹಾಕಬಹುದಾ ಅಂತ ಅವರೇ ತೀರ್ಮಾನ ಮಾಡುತ್ತಿದ್ದರು. ಈಗ ಪಕ್ಕದಲ್ಲಿ ಒಂದು ಸಣ್ಣ ವೋಲ್ಟ್ ಮೀಟರ್ ಅಂಟಿಸಿ ಕೊಟ್ಟಿದ್ದೇನೆ. ನನಗಂತೂ ಆ್ಯಪ್ ಇಷ್ಟ. 30 ದಿನದ ಲೆಕ್ಕ ಅದರಲ್ಲೇ ಉಳಿಯುತ್ತದೆ. ದಿನಕ್ಕೆ ಎಷ್ಟು ಬಂತು, ಬ್ಯಾಟರಿ ತುಂಬಿತಾ ಇಲ್ಲವಾ, ಎಲ್ಲಾ ಗೊತ್ತಾಗುತ್ತದೆ. ಟ್ಯೂಬ್ಯುಲರ್ ಬ್ಯಾಟರಿಗೆ ಬೇರೆ ಸೆಟ್ಟಿಂಗ್ ಕೂಡ ಇದೆ.

ಆ್ಯಪ್ ನೋಡುವವರಿಗೆ ಒಂದು ಮಾತು. ಬ್ಯಾಟರಿ ತುಂಬುತ್ತಾ ಬಂದ ಮೇಲೆ ಕಂಟ್ರೋಲರ್ ತಾನೇ ಕೈ ಬಿಗಿ ಹಿಡಿಯುತ್ತದೆ. ಮಧ್ಯಾಹ್ನ ಉರಿ ಬಿಸಿಲಿನಲ್ಲಿ 80 ವ್ಯಾಟ್ ಅಂತ ತೋರಿಸಿದರೆ ಪ್ಯಾನೆಲ್ ಕೆಟ್ಟಿದೆ ಅಂತಲ್ಲ, ಬ್ಯಾಟರಿಗೆ ಬೇಡ ಅಂತ. ನಾನು ಪರೀಕ್ಷೆ ಮಾಡಿದ್ದು ಹೀಗೆ: ಬ್ಯಾಟರಿ ಇಳಿದಿರುವ ದಿನ, ಮಾರ್ಚ್ ಬಿಸಿಲಲ್ಲಿ, ಇನ್ವರ್ಟರ್ ಮೇಲೆ ಲೋಡ್ ಹಾಕಿ, ಹಳೇ ನಾಲ್ಕರ ಮೇಲೂ ಟಾರ್ಪಾಲ್ ಹೊದೆಸಿದೆ. ಹೊಸದೊಂದರಿಂದ 260 ವ್ಯಾಟ್ ಆಸುಪಾಸು ಬಂತು. ಟಾರ್ಪಾಲ್ ಎಳೆದ ಕೂಡಲೇ ಸಂಖ್ಯೆ ಏರಿ 450 ದಾಟಿತು. ಗುಜರಿಯವರು ತೂಕಕ್ಕೆ ಕೇಳಿದ್ದ ಪ್ಯಾನೆಲ್‌ಗಳು ಅವು!

ಆದರೆ ಮಲೆನಾಡಿನಲ್ಲಿ ಮಾರ್ಚ್ ಬಿಸಿಲು ನೋಡಿ ಪ್ಯಾನೆಲ್ ಹಾಕಬಾರದು, ಆಷಾಢದ ಮೋಡ ನೋಡಿ ಹಾಕಬೇಕು. ಹಳೇ ಪ್ಯಾನೆಲ್ ನಿಜವಾಗಿ ಉಪಯೋಗಕ್ಕೆ ಬಂದದ್ದು ಆಗಲೇ. ಮೋಡದಲ್ಲಿ ಕರೆಂಟು ಪಾತಾಳಕ್ಕೆ ಇಳಿಯುತ್ತದೆ, ವೋಲ್ಟೇಜ್ ಅಷ್ಟಾಗಿ ಇಳಿಯುವುದಿಲ್ಲ. ಈ ಕಂಟ್ರೋಲರ್ ಶುರುವಾಗಲು ಪ್ಯಾನೆಲ್ ವೋಲ್ಟೇಜ್ ಬ್ಯಾಟರಿಗಿಂತ 5 ವೋಲ್ಟ್ ಮೇಲಿರಬೇಕು. ನಮ್ಮ ಜೋಡಿಗಳು ಕಪ್ಪು ಮೋಡದಲ್ಲೂ ಅದನ್ನು ದಾಟುತ್ತವೆ. ಆಮೇಲೆ ಒಂದೊಂದು ಆಂಪ್ ಕೂಡಿಕೊಳ್ಳುತ್ತಾ ಹೋಗುತ್ತದೆ. ಮೊದಲು ಜುಲೈನಲ್ಲಿ ಬ್ಯಾಟರಿ ವಾರಗಟ್ಟಲೆ ತುಂಬದೆ ಅರೆಹೊಟ್ಟೆಯಲ್ಲೇ ಇರುತ್ತಿತ್ತು, ಲೆಡ್ ಆಸಿಡ್ ಬ್ಯಾಟರಿ ಸಾಯುವುದೇ ಹಾಗೆ. ಈಗಲೂ ಜಡಿಮಳೆ ಹಿಡಿದರೆ ಟಿವಿ ಬಂದ್ ಮಾಡಲೇಬೇಕು, ಆದರೆ ಒಂದು ದಿನ ಹೊಳವಾದರೆ ಸಾಕು, ಆ್ಯಪ್‌ನಲ್ಲಿ ಫ್ಲೋಟ್ ಅಂತ, ಅಂದರೆ ಬ್ಯಾಟರಿ ತುಂಬಿದೆ ಅಂತ ತೋರಿಸುತ್ತದೆ. ಪ್ಯಾನೆಲ್‌ನ ಕೆಳ ಅಂಚಿಗೆ ಪಾಚಿ ಕಟ್ಟುತ್ತದೆ, ಬಿಡುವಾದಾಗ ಒರೆಸಬೇಕು. ಅಡಿಕೆ ಹಾಳೆ ಬಿದ್ದು ಅಡ್ಡ ಕೂತರಂತೂ ಆ ಸಾಲು ಮುಗಿದಂತೆ. ಪ್ಯಾರಲಲ್ ಆದ್ದರಿಂದ ಉಳಿದ ಎರಡು ಸಾಲು ಅದರ ಪಾಡಿಗೆ ನಡೆಯುತ್ತವೆ.

ಕಂಟ್ರೋಲರ್ ಇಲ್ಲಿಯ ತನಕ ಕೈ ಕೊಟ್ಟಿಲ್ಲ. ಹಿಂದಿನ ರೆಕ್ಕೆಗಳ ನಡುವೆ ಕಣಜ ಮಣ್ಣಿನ ಗೂಡು ಕಟ್ಟುತ್ತದೆ, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ನೇರ ನಿಲ್ಲಿಸಿ, ಟರ್ಮಿನಲ್ ಕೆಳಗೆ ಮಾಡಿ ಹಾಕಿ. ನೀರು ಬೀಳದ ಜಾಗವೇ ಬೇಕು.

ಎಲ್ಲರ ಹಳೇ ಪ್ಯಾನೆಲ್ಲೂ ಹೀಗೆ ಹೊಂದುವುದಿಲ್ಲ. 60 ಸೆಲ್‌ನದ್ದು ಇದ್ದರೆ ವಿಎಂಪಿ 31ರ ಸುತ್ತ. ಅದನ್ನು 37.5ರ ಜೊತೆ ಪ್ಯಾರಲಲ್ ಮಾಡಿದರೆ ದೊಡ್ಡದು ಕೆಳಗೆ ಇಳಿಯಬೇಕಾಗುತ್ತದೆ, ನಷ್ಟ ಕಣ್ಣಿಗೆ ಕಾಣುತ್ತದೆ. ಅಂಥವರು ಅದಕ್ಕೇ ಒಂದು ಸಣ್ಣ ಕಂಟ್ರೋಲರ್ ಬೇರೆ ಹಾಕಿ, ಎರಡನ್ನೂ ಅದೇ ಬ್ಯಾಟರಿಗೆ ಕೊಡಬಹುದು. ಚಾರ್ಜಿಂಗ್ ವೋಲ್ಟೇಜ್ ಎರಡರಲ್ಲೂ ಒಂದೇ ಇಟ್ಟರೆ ಜಗಳವಿಲ್ಲದೆ ನಡೆಯುತ್ತವೆ. ಪ್ಯಾನೆಲ್ ಬೆರೆಸಬಹುದು ಅಂದೆ ಅಂತ ಬ್ಯಾಟರಿ ಬೆರೆಸಲು ಹೋಗಬೇಡಿ. 24 ವೋಲ್ಟಿಗೆ ಹಳೇದೊಂದು ಹೊಸದೊಂದು ಸೀರೀಸ್ ಹಾಕಿದರೆ ಒಂದು ಕುದಿಯುತ್ತದೆ, ಇನ್ನೊಂದು ತುಂಬುವುದೇ ಇಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಡಿಸ್ಪ್ಲೇ ಇಲ್ಲದ್ದಕ್ಕೆ, ಅಮ್ಮನ ಪರವಾಗಿ. ಒಂದೇ ಪ್ಯಾನೆಲ್, 12 ವೋಲ್ಟಿನ ಒಂದೇ ಬ್ಯಾಟರಿ, ನಾಲ್ಕು ಲೈಟು ಅಷ್ಟೇ ಇರುವವರಿಗೆ ಇಷ್ಟು ದುಡ್ಡು ಹಾಕುವ ಅಗತ್ಯ ಇಲ್ಲ. ಆ ಪ್ಯಾನೆಲ್ 36 ಸೆಲ್‌ನದ್ದಾದರೆ ಪಿಡಬ್ಲ್ಯೂಎಂ ಧಾರಾಳ ಸಾಕು.