ಹ್ಯಾವ್‌ಲಾಕಿಗೆ ಹೊರಟಿದ್ದೀರಾ? ಮೀನಿನ ತೂಕ ಕಣ್ಣೆದುರಿಗೇ ಮಾಡಿಸಿ

ಬೇಸಿಗೆ ರಜೆಗೆ ಕಲಬುರಗಿಯಿಂದ ಅಂಡಮಾನ್‌ಗೆ ಹೋಗೋರು ಈಗೀಗ ಜಾಸ್ತಿ ಆಗಿದ್ದಾರೆ. ನಾವೂ ಈ ಸಲ ಮೇ ಮೊದಲ ವಾರ ಹೈದರಾಬಾದಿಗೆ ಹೋಗಿ ಅಲ್ಲಿಂದ ವಿಮಾನ ಹತ್ತಿದೆವು. ನಾನು, ಮನೆಯವಳು, ಒಂಬತ್ತು ವರ್ಷದ ಮಗ, ಮತ್ತೆ ಅವ್ವ. ಸಮುದ್ರ ಚೆನ್ನಾಗಿತ್ತು, ಜನ ಒಳ್ಳೆಯವರು. ನಮ್ಮ ಕಡೆಯ ಹಿಂದಿ ಕೇಳಿ ಅಲ್ಲಿನವರು ನಕ್ಕರೂ ಮಾತು ತಿಳಿಯುತ್ತಿತ್ತು. ಕೆಟ್ಟಿದ್ದು ಒಂದೇ ರಾತ್ರಿಯ ಊಟ. ಹೋಗೋರು ಇದ್ದರೆ ಓದಿಕೊಂಡು ಹೋಗಲಿ ಅಂತ ಬರೆಯುತ್ತಿದ್ದೇನೆ.

ಹ್ಯಾವ್‌ಲಾಕ್ ಅಂದರೆ ಈಗಿನ ಸ್ವರಾಜ್ ದ್ವೀಪ. 2018ರಲ್ಲಿ ಹೆಸರು ಬದಲಾಯಿತು, ಆದರೂ ಎಲ್ಲರೂ ಹ್ಯಾವ್‌ಲಾಕ್ ಅಂತಲೇ ಅನ್ನೋದು. ಅಲ್ಲಿ ಕತ್ತಲಾಗೋದು ಬಹಳ ಬೇಗ. ರಾಧಾನಗರ ಬೀಚಿನಲ್ಲಿ ಸೂರ್ಯ ಮುಳುಗೋದು ನೋಡಿ ಹೊರಗೆ ಬಂದಾಗ ಇನ್ನೂ ಆರು ಗಂಟೆ, ನಮ್ಮೂರಲ್ಲಿ ಆ ಹೊತ್ತಿಗೆ ಬಿಸಿಲು ಇಳಿದಿರೋದಿಲ್ಲ. ಮಗ ಹಸಿವು ಅಂದ. ಗಾಡಿಯವನು, "ನನಗೆ ಗೊತ್ತಿರೋ ಒಳ್ಳೆ ಜಾಗ ಇದೆ, ಇವತ್ತು ಬೆಳಿಗ್ಗೆ ಹಿಡಿದ ಮೀನು" ಅಂತ ಹೇಳಿ ಸೀದಾ ಕರಕೊಂಡು ಹೋದ. ತಪ್ಪು ಅಲ್ಲಿಂದಲೇ ಶುರು ಆಯಿತು. ನಾವು ಆರ್ಡರ್ ಕೊಟ್ಟು ಕೂತಾಗ ಅವನು ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ಊಟ ಮಾಡುತ್ತಿದ್ದ. ಪಾಪ, ಅವನಿಗೂ ಹಸಿವಾಗಿರಬೇಕು ಅಂದುಕೊಂಡೆ. ಅವನ ಊಟದ ರೊಕ್ಕ ಯಾರ ಬಿಲ್ಲಿನಿಂದ ಹೋಗುತ್ತೆ ಅಂತ ಆಗ ಹೊಳೆಯಲಿಲ್ಲ.

ಬಾಗಿಲ ಹತ್ತಿರ ಐಸ್ ಮೇಲೆ ಮೀನು ಜೋಡಿಸಿಟ್ಟಿದ್ದರು. ನಾವು ಭೀಮಾ ಹೊಳೆಯ ಮೀನು ತಿಂದವರು, ಸಮುದ್ರದ ಮೀನಿನ ಬಗ್ಗೆ ನಮಗೇನು ಗೊತ್ತು? ಕೆಂಪಗಿನ ಒಂದು ದೊಡ್ಡ ಮೀನು ತೋರಿಸಿ ರೆಡ್ ಸ್ನ್ಯಾಪರ್ ಅಂದರು. ಮಗ ಅದರ ಫೋಟೋ ತೆಗೆದ. ಬೋರ್ಡಿನಲ್ಲಿ 280 ಅಂತ ಬರೆದಿತ್ತು. ಸಿಗಡಿಗೆ 300. ಇಡೀ ಮೀನು 280 ರೂಪಾಯಿ ಅಂತ ನಾನೇನೂ ನಂಬಲಿಲ್ಲ, ಪ್ಲೇಟಿಗೆ ಅಷ್ಟು ಅಂತ ತಿಳಿದುಕೊಂಡೆ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ "100 ಗ್ರಾಂಗೆ" ಅಂತ ಇತ್ತು. ಅದು ಕಂಡಿದ್ದು ಬಿಲ್ ಬಂದ ಮೇಲೆ.

ಮುಕ್ಕಾಲು ಗಂಟೆ ಕಾಯಿಸಿ ಮೀನು ತಂದಿಟ್ಟರು. ನೋಡಿದರೆ ಚಿಕ್ಕದು ಅನಿಸಿತು. ಮಗ ಮೊಬೈಲ್ ತೆಗೆದು ಸುಮ್ನೆ ನೋಡುತ್ತಾ ಕೂತವನು, "ಪಪ್ಪಾ, ಆ ಮೀನಿನ ಬಾಲ ಹರಿದಿತ್ತು, ಇದರದು ಹರಿದಿಲ್ಲ" ಅಂದ. ಫೋಟೋದಲ್ಲಿ ದೊಡ್ಡದಾಗಿ ಮಾಡಿ ನೋಡಿದೆ. ಹೌದು, ಬಾಲದ ಮೇಲಿನ ತುದಿ ಯಾರೋ ಕಚ್ಚಿ ಎಳೆದ ಹಾಗೆ ಹರಿದಿದೆ. ತಟ್ಟೆಯಲ್ಲಿದ್ದ ಮೀನಿನ ಬಾಲ ಕತ್ತರಿಯಲ್ಲಿ ಕತ್ತರಿಸಿದಷ್ಟು ನೀಟು. ಕರೆದು ಕೇಳಿದರೆ, ಸುಟ್ಟಾಗ ಮೀನು ಕುಗ್ಗುತ್ತೆ ಸಾರ್ ಅಂದರು. ಕುಗ್ಗಲಿ, ಆದರೆ ಹರಿದ ಬಾಲ ಬೆಳೆಯುತ್ತಾ?

ಬಿಲ್ ಬಂತು. ಮೀನು 1 ಕೆಜಿ 400 ಗ್ರಾಂ ಅಂತ 3,920. ಸಿಗಡಿ 450 ಗ್ರಾಂಗೆ 1,350, ತಟ್ಟೆಯಲ್ಲಿ ಇದ್ದಿದ್ದು ಆರು. ಅವ್ವ ಪಂಢರಪುರದ ಮಾಲೆ ಹಾಕಿಕೊಂಡವರು, ಮೀನು ಮುಟ್ಟೋದಿಲ್ಲ, ಅವರಿಗೆ ಅಂತ ದಾಲ್ 320, ಅನ್ನ ಎರಡು ಪ್ಲೇಟ್ 360. ಮೈದಾ ರೊಟ್ಟಿ ಹತ್ತಕ್ಕೆ 500. ಮೂರು ಬಾಟಲಿ ನೀರು 180. ಅದರ ಮೇಲೆ ಸರ್ವಿಸ್ ಚಾರ್ಜ್ 663, ಆಮೇಲೆ ಜಿಎಸ್‌ಟಿ. ಒಟ್ಟು 7,658 ರೂಪಾಯಿ. ಮನೆಯವಳು ಬಿಲ್ ನೋಡಿ, "ಇಷ್ಟ ರೊಕ್ಕದಾಗ ನಮ್ಮ ಮನಿಗಿ ತಿಂಗಳ ಕಿರಾಣಿ ಬರತದ್ರಿ" ಅಂದಳು.

ಫೋನ್‌ಪೇ ಮಾಡೋಣ ಅಂದರೆ ನೆಟ್‌ವರ್ಕ್ ಇಲ್ಲ. ಕಾರ್ಡ್ ಮಷೀನ್ ಕೆಟ್ಟಿದೆ ಅಂದರು. ಕೈಯಲ್ಲಿ 4,000 ಇತ್ತು ಅಷ್ಟೇ. ಅವ್ವ, ಮಗ, ಮನೆಯವಳು ಮೂರೂ ಜನರನ್ನ ಅಲ್ಲೇ ಕೂರಿಸಿ ಅದೇ ಗಾಡಿಯವನ ಜೊತೆ ಎಟಿಎಂ ಹುಡುಕಿಕೊಂಡು ಹೋದೆ. ಒತ್ತೆ ಇಟ್ಟು ಹೋದ ಹಾಗೆ ಅನಿಸಿತು. ವಾಪಸ್ ಬಂದು ಫೋಟೋ ತೋರಿಸಿ ಇನ್ನೊಂದು ಸಲ ಜಗಳ ತೆಗೆದೆ. ಅವ್ವ, "ಹೋಗ್ಲಿ ಬಿಡೋ ತಮ್ಮಾ, ಪರಊರಾಗ ಬ್ಯಾಡ" ಅಂದರು. ಕೊನೆಗೆ 158 ಬಿಟ್ಟು 7,500 ತಗೊಂಡರು, ದೊಡ್ಡ ಉಪಕಾರ ಮಾಡಿದ ಹಾಗೆ. ರಾತ್ರಿ ಎರಡಕ್ಕೆ ನನಗೆ ವಾಂತಿ ಶುರುವಾಯಿತು. ಮರುದಿನ ಪೂರ್ತಿ ಓಆರ್‌ಎಸ್ ಕುಡಿದು ಮಲಗಿದೆ.

ದ್ವೀಪದಲ್ಲಿ ಊಟ ತುಟ್ಟಿ, ಅದಕ್ಕೆ ನನ್ನ ತಕರಾರಿಲ್ಲ. ಎಷ್ಟೋ ಸಾಮಾನು ಹಡಗಿನಲ್ಲೇ ಬರಬೇಕು. ಆದರೆ ತೂಕದ ಆಟ ಬೇರೆ. ಮೀನು ಆರಿಸಿದ ಮೇಲೆ ನಿಮ್ಮೆದುರಿಗೇ ತಕ್ಕಡಿಗೆ ಹಾಕಿಸಿ, ರೇಟು ಕೆಜಿಗಾ 100 ಗ್ರಾಂಗಾ ಕೇಳಿ, ಒಟ್ಟು ಎಷ್ಟಾಗುತ್ತೆ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಫೋಟೋ ತೆಗೆಯಿರಿ, ಬಾಲದ ಸಮೇತ. ತಾಜಾ ಮೀನಿನ ಕಣ್ಣು ಉಬ್ಬಿ ಹೊಳೀತಿರುತ್ತೆ, ಕಿವಿರು ಎತ್ತಿ ನೋಡಿದರೆ ಕೆಂಪಗಿರುತ್ತೆ. ಇದನ್ನ ಹೇಳಿಕೊಟ್ಟಿದ್ದು ಆಮೇಲೆ ಸಿಕ್ಕ ಆಟೋದವನು. ಇನ್ನೊಂದು ಮಾತೂ ಅವನೇ ಹೇಳಿದ. ಏಪ್ರಿಲ್ 15ರಿಂದ ಆ ಕಡೆ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತೆ. ಸಣ್ಣ ದೋಣಿಯವರು ಹಿಡೀತಾರೆ, ಇಲ್ಲ ಅಂತಲ್ಲ, ಆದರೆ ಮೇ ತಿಂಗಳಲ್ಲಿ ಎಲ್ಲ ಹೋಟೆಲಿನಲ್ಲೂ "ಬೆಳಿಗ್ಗೆ ಹಿಡಿದ ಮೀನು" ಅಂದರೆ ಸ್ವಲ್ಪ ಯೋಚನೆ ಮಾಡಿ.

ಸರ್ವಿಸ್ ಚಾರ್ಜ್ ಬಗ್ಗೆ ಊರಿಗೆ ಬಂದ ಮೇಲೆ ವಕೀಲಿ ಓದೋ ನಮ್ಮ ಅಕ್ಕನ ಮಗ ಹೇಳಿದ. ಅದನ್ನ ಬಿಲ್ಲಿಗೆ ತಾವಾಗಿ ಸೇರಿಸಬಾರದು ಅಂತ ಗ್ರಾಹಕ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನ ಎತ್ತಿಹಿಡಿದಿದೆ. ತೆಗೀರಿ ಅನ್ನಿ. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನನಗೆ ಗೊತ್ತಿದ್ದರೆ 663 ಆದರೂ ಉಳೀತಿತ್ತು.

ಹಾಗಾದರೆ ಊಟ ಎಲ್ಲಿ? ಮೂರನೇ ನಂಬರ್ ಬಜಾರಿಗೆ ಹೋಗಿ. ದೇಶ ಇಬ್ಭಾಗ ಆದಮೇಲೆ ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಊರು ಅದು, ಅನ್ನ ಮೀನಿನ ಸಾರು ಅವರ ದಿನದ ಊಟ. ತರಕಾರಿ ಚೀಲ ಹಿಡಿದ ಊರಿನವರು ನುಗ್ಗೋ ಒಂದು ಸಣ್ಣ ಹೋಟೆಲಿಗೆ ನಾವೂ ನುಗ್ಗಿದೆವು. ಅನ್ನ, ದಾಲ್, ಆಲೂ ಪಲ್ಯ, ಬೇಕಾದವರಿಗೆ ಒಂದು ತುಂಡು ಮೀನು. ನಾಲ್ಕೂ ಜನಕ್ಕೆ ಸೇರಿ ಆ ರಾತ್ರಿಯ ರೊಟ್ಟಿಯ ಬಿಲ್ಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅವ್ವನಿಗೆ ಅಂತ ಬೇರೆ ಬಾಣಲೆಯಲ್ಲಿ ಮಾಡಿಕೊಟ್ಟರು, ಕೇಳಿದರೆ ಮಾಡುತ್ತಾರೆ, ಆದರೆ ಮೊದಲೇ ಹೇಳಬೇಕು. ಮಧ್ಯಾಹ್ನ ಮೂರರ ಮೇಲೆ ಹೋದರೆ ಪಾತ್ರೆ ತೊಳೀತಿರುತ್ತಾರೆ. ನಮ್ಮ ಹಾಗೆ ರಾತ್ರಿ ಹತ್ತಕ್ಕೆ ಊಟ ಅಂದರೆ ಉಪವಾಸವೇ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿ ಪುಡಿ) ಕಟ್ಟಿಕೊಂಡು ಹೋಗಿ, ಕೊನೆಯ ಎರಡು ದಿನ ಅವ್ವ ನಡೆದಿದ್ದೇ ಅದರ ಮೇಲೆ. ಆದರೆ ಹಿಂಡಿ ಡಬ್ಬಿ ಲಗೇಜಿಗೆ ಹಾಕಿ, ಕೈಚೀಲದಲ್ಲಿ ಬೇಡ. ಹೈದರಾಬಾದ್ ಏರ್‌ಪೋರ್ಟಿನಲ್ಲಿ ಮುಚ್ಚಳ ತೆಗೆಸಿ ಮೂರು ಜನ ಮೂಸಿ ನೋಡಿದರು, ಒಬ್ಬ ಸೀನಿದ.