ಮಾತ್ರೆ ಶುರುವಾದ ಮೇಲೆ ದಿಢೀರ್ ಅಂತ ಹುರುಪು ಜಾಸ್ತಿಯಾದರೆ ಡಾಕ್ಟರಿಗೆ ಹೇಳಿ

ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿರುವವರು, ಅವರ ಮನೆಯವರು ದಯವಿಟ್ಟು ಇದನ್ನು ಓದಿ. ಮಾತ್ರೆ ಬೇಡ ಅನ್ನೋಕೆ ಬರೆಯುತ್ತಿಲ್ಲ. ನಾನು ಇವತ್ತಿಗೂ ಚಿಕಿತ್ಸೆಯಲ್ಲಿದ್ದೇನೆ. ಆದರೆ ಒಂದು ವಿಷಯ ಮೊದಲೇ ಗೊತ್ತಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು.

ನನಗೆ ಕೊಟ್ಟಿದ್ದು ಎಸ್ಸಿಟಾಲೋಪ್ರಾಮ್, ಮೊದಲು 10 ಮಿಲಿಗ್ರಾಂ. ಒಂದು ತಿಂಗಳಾದರೂ ಅಂಥ ಬದಲಾವಣೆ ಕಾಣಲಿಲ್ಲ, 20ಕ್ಕೆ ಏರಿಸಿದರು. ಹತ್ತು ದಿನ ಕಳೆದಿರಬೇಕು, ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಯಿತು. ಎದೆ ಮೇಲಿನ ಭಾರವೆಲ್ಲ ಇಳಿದಿತ್ತು. ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳೋಕೇ ಒದ್ದಾಡಿದವನಿಗೆ ಎಷ್ಟು ಖುಷಿಯಾಗಿರಬೇಡ! ಮಾತ್ರೆ ಹಿಡಿಯಿತು ಅಂದುಕೊಂಡೆ.

ಆಮೇಲೆ ನಿದ್ದೆ ಮೂರು ಗಂಟೆಗೆ ಇಳಿಯಿತು. ಆದರೂ ಸುಸ್ತಿಲ್ಲ. ಇದನ್ನು ಗಮನಿಸಿ: ನಿದ್ದೆ ಬಾರದೆ ಹೊರಳಾಡೋದು ಬೇರೆ, ನಿದ್ದೆಯೇ ಬೇಡ ಅನ್ನಿಸೋದು ಬೇರೆ. ರಾತ್ರಿ ಎರಡಕ್ಕೆ ಮೊಬೈಲ್ ಹಿಡಿದು ಸಾಮಾನು ತರಿಸುತ್ತಿದ್ದೆ. ಒಂದೇ ಬಣ್ಣದ ಶೂ ಮೂರು ಜೊತೆ. ಹುಟ್ಟಿದಾಗಿನಿಂದ ಮುಟ್ಟದ ಗಿಟಾರ್. ಡಬ್ಬಗಳು ಬಂದು ಬಾಗಿಲ ಹತ್ತಿರ ಬಿದ್ದಿರುತ್ತಿದ್ದವು, ಬಿಚ್ಚುವ ತಾಳ್ಮೆಯೂ ಇರಲಿಲ್ಲ.

ಒಂದು ದಿನ ಮ್ಯಾನೇಜರ್ ಸಣ್ಣದೊಂದು ತಪ್ಪು ತೋರಿಸಿದರು. ಸೀಟಿಗೆ ಬಂದವನೇ ಎರಡು ಸಾಲಿನ ರಾಜೀನಾಮೆ ಟೈಪ್ ಮಾಡಿ ಕಳಿಸಿಬಿಟ್ಟೆ. ನಾನು ಒಂದು ಶರ್ಟ್ ಕೊಳ್ಳೋಕೂ ನಾಲ್ಕು ಸಲ ಯೋಚಿಸುವವನು. 'ಮಾಡಲಾ, ಬೇಡವಾ' ಅಂತ ಮನಸ್ಸು ಒಂದು ಸಲ ತಡೆದು ಕೇಳುತ್ತದಲ್ಲ, ಆಗ ಅದು ಕೇಳುತ್ತಲೇ ಇರಲಿಲ್ಲ. ಅನ್ನಿಸಿದ್ದೇ ತಡ, ಮಾಡಿ ಮುಗಿಸಿರುತ್ತಿದ್ದೆ. ತಪ್ಪು ಮಾಡಿದೆ ಅಂತಲೂ ಅನ್ನಿಸಲಿಲ್ಲ. ನನಗೆ ಈಗಲೂ ಭಯ ಆಗೋದು ಇದಕ್ಕೇ.

ಗುರುತು ಹಿಡಿದವಳು ಅಕ್ಕ. "ಏನೋ, ನನಗೆ ಬಾಯಿ ತೆಗೆಯೋಕೂ ಬಿಡ್ತಿಲ್ಲ? ರಾತ್ರಿ ಮಲಗ್ತಿದ್ದೀಯೋ ಇಲ್ವೋ?" ಅಂದಳು. ರೇಗಿ ಫೋನ್ ಇಟ್ಟೆ. ಮಾತ್ರೆ ಮೇಲೆ ಅನುಮಾನ ಬಂದಾಗ ಎರಡನೇ ತಪ್ಪು ಮಾಡಿದೆ, ಒಂದೇ ಏಟಿಗೆ ನಿಲ್ಲಿಸಿದೆ. ಎರಡು ದಿನಕ್ಕೆ ತಲೆಸುತ್ತು, ವಾಕರಿಕೆ. ಕಣ್ಣು ಹೊರಳಿಸಿದರೆ ತಲೆಯೊಳಗೆ ಚುಳ್ ಅಂತ ಕರೆಂಟ್ ಹೊಡೆದ ಹಾಗೆ. ಮಾತ್ರೆ ನಿಲ್ಲಿಸಬೇಕಿತ್ತು ನಿಜ. ಆದರೆ ಹೇಗೆ, ಎಷ್ಟು ದಿನದಲ್ಲಿ ಅನ್ನೋದನ್ನು ಡಾಕ್ಟರೇ ಹೇಳಬೇಕು.

ಅಕ್ಕನೇ ಬೇರೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಅವರು ಮೊದಲು ಕೇಳಿದ್ದು, "ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ?" ಚಿಕ್ಕಪ್ಪ ನೆನಪಾದರು. ಕೆಲವು ತಿಂಗಳು ಮಂಕಾಗಿರುತ್ತಿದ್ದರು, ಕೆಲವು ತಿಂಗಳು ಕೈಗೆ ಸಿಗುತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ 'ಅವನ ಸ್ವಭಾವವೇ ಹಾಗೆ' ಅಂತಿದ್ದರು. ಮೊದಲ ಡಾಕ್ಟರ್ ಇದನ್ನು ಕೇಳಲಿಲ್ಲ, ನನಗೂ ಹೇಳಬೇಕು ಅಂತ ಹೊಳೆಯಲಿಲ್ಲ. ಒಳಗೆ ಬೈಪೋಲಾರ್ (ಮನಸ್ಸು ಕೆಲವು ಕಾಲ ತೀರಾ ಕುಗ್ಗುವ, ಕೆಲವು ಕಾಲ ತೀರಾ ಹುರುಪೇರುವ ಕಾಯಿಲೆ) ಇರುವವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಕೆಲವರಲ್ಲಿ ಮನಸ್ಸು ಹೀಗೆ ಮೇಲಕ್ಕೆ ಹಾರಿಬಿಡುತ್ತದಂತೆ. ಅದಕ್ಕೆ ಹೈಪೋಮೇನಿಯಾ ಅಂತಾರೆ. ಬೈಪೋಲಾರ್ ಇಲ್ಲದವರಲ್ಲೂ ಶುರುವಿನಲ್ಲಿ, ಡೋಸ್ ಬದಲಾದಾಗ ಚಡಪಡಿಕೆ, ಸಿಡುಕು, ಹಿಂದುಮುಂದು ನೋಡದೆ ನುಗ್ಗೋದು ಕಾಣಿಸಿಕೊಳ್ಳಬಹುದು.

ಇದು ಮುಚ್ಚಿಟ್ಟ ವಿಷಯವೇನಲ್ಲ. ಅಮೆರಿಕದಲ್ಲಿ ಈ ಮಾತ್ರೆಗಳ ಜೊತೆ ಕೊಡುವ ಮಾಹಿತಿ ಹಾಳೆಯಲ್ಲಿ ಅಪಾಯಕಾರಿ ಆವೇಗಗಳ ಬಗ್ಗೆ ಎಚ್ಚರಿಕೆ ಇದೆ. ಮಕ್ಕಳು, ಹದಿಹರೆಯದವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಅಂತ 2004ರಲ್ಲೇ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಪ್ಪು ಚೌಕಟ್ಟಿನ, ಅಂದರೆ ಅತಿ ಗಂಭೀರ ಮಟ್ಟದ, ಎಚ್ಚರಿಕೆ ಹಾಕಿಸಿತು. 2007ರಲ್ಲಿ ಅದನ್ನು 24 ವರ್ಷದವರೆಗೂ ವಿಸ್ತರಿಸಿತು. ಅಂಥ ಯೋಚನೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.

ರಾಜೀನಾಮೆ ವಾಪಸ್ ಕೇಳಿದೆ, ಕೊಡಲಿಲ್ಲ. ಈಗ ಮೂಡ್ ಸ್ಥಿರವಾಗಿಡುವ ಬೇರೆ ಔಷಧಿ ತಗೊಳ್ಳುತ್ತಿದ್ದೇನೆ. ಡಾಕ್ಟರ್ ನಂಬರ್ ಅಕ್ಕನ ಹತ್ತಿರವೂ ಇದೆ. ನಾನು ಸತತ ಎರಡು ರಾತ್ರಿ ಸರಿಯಾಗಿ ಮಲಗದಿದ್ದರೆ, ನಾನು ಎಷ್ಟೇ ಬೇಡ ಅಂದರೂ ಅವರಿಗೆ ಫೋನ್ ಮಾಡು ಅಂತ ನಾನೇ ಬರೆದುಕೊಟ್ಟಿದ್ದೇನೆ.